ಹದಿನೇಳು ಕಾರು, ಒಂದು ಅಂಧಕಾರ

ಮುದ್ದೇಬಿಹಾಳದ ಮೀರಾಸಾಬನ ಚಹಾದಂಗಡಿಯಲ್ಲಿ ಪೇಪರು ಓದುವ ಹಕ್ಕು ಯಾರದೆಂದು ಯಾವ ಕಾಯಿದೆಯಲ್ಲೂ ಬರೆದಿರಲಿಲ್ಲ. ಆದರೂ ಹನ್ನೊಂದು ವರ್ಷಗಳಿಂದ ಅದು ಗುರಲಿಂಗಪ್ಪನದಾಗಿತ್ತು. ಹುಬ್ಬಳ್ಳಿಯ ಬಸ್ಸು ಪೇಪರಿನ ಸುರುಳಿಯನ್ನು ಒಗೆದು ಹೋದದ್ದೇ ತಡ, ಮೀರಾಸಾಬ ಒದ್ದೆ ಕೈ ಒರೆಸಿಕೊಂಡು ಅದನ್ನು ತಂದು ಕಿಟಕಿಯ ಬೆಂಚಿನ ಮೇಲೆ ಕೂತ ಗುರಲಿಂಗಪ್ಪನ ಮುಂದೆ ಇಡಬೇಕು. ಜೊತೆಗೆ, ಅಂಗಡಿಯ ಹದಿನಾರು ಕಪ್ಪುಗಳಲ್ಲಿ ಕಿವಿ ಉಳಿಸಿಕೊಂಡಿದ್ದ ಒಂದೇ ಒಂದು ಕಪ್ಪಿನಲ್ಲಿ ಚಹಾ ಬರಬೇಕು. ಆಮೇಲೆ ಗುರಲಿಂಗಪ್ಪ ಕನ್ನಡಕ ಏರಿಸಿ, ಮಂತ್ರಿಯ ಸುದ್ದಿಯನ್ನು ಮಂತ್ರಿಯಂತೆ, ಕಳ್ಳತನದ ಸುದ್ದಿಯನ್ನು ಕಳ್ಳನಂತೆ, ಹತ್ತಿಯ ಧಾರಣಿಯನ್ನು ದಲಾಲನಂತೆ ಓದುವನು. ಓದಿದ್ದರಲ್ಲಿ ಅರ್ಧದಷ್ಟು ಪೇಪರಿನಲ್ಲಿ ಇರುತ್ತಿರಲಿಲ್ಲ. ಆ ಅರ್ಧಕ್ಕಾಗಿಯೇ ಜನ ಬರುತ್ತಿದ್ದರು.

ಹೊಟ್ಟೆಪಾಡಿಗೆ ಅವನು ಮಾಮಲೇದಾರ ಕಚೇರಿಯ ಬೇವಿನ ಗಿಡದ ಕೆಳಗೆ ಕೂತು ಊರವರ ಅರ್ಜಿ ಬರೆಯುತ್ತಿದ್ದ. ಕರಿಕೋಟು, ಕಿವಿಯ ಸಂದಿಯಲ್ಲಿ ಪೆನ್ಸಿಲು, ಕಂಕುಳಲ್ಲಿ ಉದ್ದನೆಯ ನೋಟಬುಕ್ಕು. ಇಪ್ಪತ್ತು ವರ್ಷ ಅರ್ಜಿ ಬರೆದು ಬರೆದು ಅವನ ನಾಲಿಗೆಯೇ ಅರ್ಜಿಯ ನಮೂನೆಯಾಗಿಬಿಟ್ಟಿತ್ತು. ಯಾರನ್ನೇ ಮಾತಾಡಿಸಲಿ, ಮೊದಲು "ಹೆಸರು? ತಂದಿ ಹೆಸರು? ವಯಸ್ಸು? ಧಂದೆ? ಸಾಕೀನ?" ಎಂದು ಇರುವ ಊರಿನವರೆಗೆ ಕೇಳಿ, ಬರೆದುಕೊಂಡ ಮೇಲೆಯೇ ಮುಂದಿನ ಮಾತು. ಹೆಣ್ಣು ನೋಡಲು ಹೋದಾಗ ರೇಣವ್ವನನ್ನೂ ಹೀಗೇ ಕೇಳಿದ್ದನಂತೆ. ಧಂದೆ ಎಂಬಲ್ಲಿಗೆ ಆಕೆ ಎದ್ದು ಒಳಗೆ ಹೋಗಿದ್ದಳಂತೆ.

ಇಂಥ ಗುರಲಿಂಗಪ್ಪನ ಸಿಂಹಾಸನ ಅಲುಗಿದ್ದು ಒಂದು ಸೋಮವಾರ. ಪೇಪರಿನ ಮೂರನೆಯ ಪುಟದಲ್ಲಿ ಅವನು ಹೀಗೆ ಓದಿದ: "ಮುಂಬಯಿಯಲ್ಲಿ ಹಳೆಯ ಕಾರುಗಳ ರ‍್ಯಾಲಿ. ಸಾವಿರಾರು ಜನರಿಂದ ವೀಕ್ಷಣೆ."

"ಅಂದ್ರ ಏನ್ರಿ ಅದು?" ಎಂದ ಮೀರಾಸಾಬ.

ಗೊತ್ತಿಲ್ಲ ಎಂಬ ಶಬ್ದ ಗುರಲಿಂಗಪ್ಪನ ಶಬ್ದಕೋಶದಲ್ಲಿ ಇರಲಿಲ್ಲ. "ಏ ಮೀರಾ, ನನ್ನ ಸಾಯಕಲ್ಲ ಯಾವ ಕಂಪನೀದು?"

"ರ‍್ಯಾಲಿ."

"ಮತ್ತ? ಸಾಯಕಲ್ಲ ಮಾಡಿ ಮಾಡಿ ಬ್ಯಾಸರಾಗಿ ಈಗ ಕಾರ ಮಾಡಾಕತ್ತಾರ. ಹೊಸಾವ ಮಾಡಾಕ ಇನ್ನೂ ಕೈ ಕುಂತಿಲ್ಲ. ಅದಕ್ಕ ಸದ್ಯಕ್ಕ ಹಳೇವ ಮಾಡಾಕತ್ತಾರ."

ಜನ ತಲೆದೂಗಿದರು. ತೂಗದ ತಲೆ ಒಂದೇ. ಅದು ಬಾಗಿಲ ಬಳಿ ಕೂತಿದ್ದ ಬಸಂತರಾಯನದು. ಬಸಂತರಾಯ ಹತ್ತಿಯ ಸಾವ್ಕಾರ. ಊರ ಹೊರಗೆ ಅರಳೆ ಹಿಂಜುವ ಗಿರಣಿ, ಅದರ ಪಕ್ಕಕ್ಕೆ ಆನೆ ಹಿಂಡು ಕಟ್ಟುವಷ್ಟು ದೊಡ್ಡ ತಗಡಿನ ಶೆಡ್ಡು. ನಿನ್ನೆಯಷ್ಟೇ ಮುಂಬಯಿಯಿಂದ ಬಂದಿದ್ದ. ಅವನು ನಕ್ಕ. ಮೆಲ್ಲಗೆ ಅಲ್ಲ, ಚಹಾ ಮೂಗಿನಿಂದ ಬರುವಷ್ಟು.

"ಗುರಲಿಂಗಪ್ಪನವರ, ರ‍್ಯಾಲಿ ಅಂದ್ರ ಸಾಯಕಲ್ಲಲ್ರಿ, ಮೆರವಣಿಗಿ! ಐವತ್ತ ವರ್ಷದ ಹಿಂದಿನ ಮೋಟಾರ ಎಲ್ಲಾ ತಿಕ್ಕಿ ತೊಳದು, ಸಾಲ ಹಚ್ಚಿ ಓಡಸತಾರ. ನಾ ಖುದ್ದ ನೋಡಿ ಬಂದೇನಿ. ಬರೋಬ್ಬರಿ ಹದಿನಾಲ್ಕು!"

ಮುಗಿಯಿತು. ಬೆಂಚುಗಳೆಲ್ಲ ಗುರಲಿಂಗಪ್ಪನಿಗೆ ಬೆನ್ನು ಮಾಡಿ ಬಾಗಿಲ ಕಡೆ ತಿರುಗಿದವು. ಬಸಂತರಾಯ ಹಿತ್ತಾಳೆಯ ದೀಪಗಳ ವರ್ಣನೆ ಮಾಡಿದ, ಕೈಗವಸು ತೊಟ್ಟ ಮೇಡಮ್ಮುಗಳ ವರ್ಣನೆ ಮಾಡಿದ, ಕೊನೆಗೆ ಗಲ್ಲ ಉಬ್ಬಿಸಿ "ಭೋಂಯ್ಕ್, ಭೋಂಯ್ಕ್" ಎಂದು ರಬ್ಬರು ಹಾರ್ನನ್ನೂ ಊದಿದ. ಮೀರಾಸಾಬ ಮೈಮರೆತು, ಕಿವಿಯಿದ್ದ ಕಪ್ಪನ್ನು ಬಸಂತರಾಯನ ಮುಂದೆ ಇಟ್ಟ.

ಕಾರು ನೋಡಿದ್ದು ಬಸಂತರಾಯ, ಖಾರ ಹತ್ತಿದ್ದು ಗುರಲಿಂಗಪ್ಪನಿಗೆ. ಆ ದಿನ ಬರೆದ ಮೂರು ಅರ್ಜಿಗಳಲ್ಲೂ ಅವನು ವಿಷ ಕಾರಿದ್ದ. ಬಾವಿಯ ಹೂಳು ತೆಗೆಸಬೇಕೆಂಬ ಅರ್ಜಿಯಲ್ಲಿ "ಮುಂಬಯಿಗೆ ಹೋಗಿ ಬಂದು ಊರಿನ ಶಾಂತಿ ಕೆಡಿಸುವವರ" ಪ್ರಸ್ತಾಪ ಹೇಗೆ ಬಂತೆಂದು ಮಾಮಲೇದಾರರಿಗೆ ತಿಳಿಯಲಿಲ್ಲ.

ನಾಲ್ಕು ದಿನ ಅವನು ತಡೆದುಕೊಂಡ. ಮಳೆಯ ಸುದ್ದಿ ಓದಿದರೆ ಬಸಂತರಾಯ, "ಮಳಿ ಬಂದ್ರ ಆ ಹಳೇ ಕಾರಿಗೆ ಛತ್ರಿ ಹಂಗ ಛತ್ತ ಬಿಚ್ಚತಾರ್ರಿ" ಎನ್ನುವನು. ಸತ್ತವರ ಸುದ್ದಿ ಓದಿದರೆ, "ಅವರಕಿಂತ ಹಿರೀ ಕಾರ ನೋಡೇನಿ" ಎನ್ನುವನು. ಐದನೆಯ ದಿನ ಪೇಪರು ಹಿಡಿದ ಮೀರಾಸಾಬನ ಕೈ ಇಬ್ಬರ ನಡುವೆ ಒಂದು ಗಳಿಗೆ ತೂಗಾಡಿತು. ಆ ಒಂದು ಗಳಿಗೆಯಲ್ಲಿ ಗುರಲಿಂಗಪ್ಪನಿಗೆ ತನ್ನ ಹನ್ನೊಂದು ವರ್ಷಗಳೂ ತೂಗಾಡಿದಂತಾಯಿತು. ಎದ್ದು ನಿಂತ.

"ಸಾವ್ಕಾರ್ರ, ನೀವು ನೋಡಿದ್ದು ಹದಿನಾಲ್ಕಲ್ಲ? ನಾ ಹದಿನೈದು ನೋಡತೇನಿ. ಇದ ಕಣ್ಣಲೆ. ಒಂದ ತಿಂಗಳದಾಗ ನೋಡಲಿಲ್ಲ ಅಂದ್ರ ಈ ಪೇಪರ ನೀವ ಓದ್ರಿ. ನಾ ಅಲ್ಲೆ ಬಾಗಲದಾಗ ಕುಂತು ಬಾಯಿ ಮುಚಗೊಂಡು ಕೇಳತೇನಿ."

"ಬಾಯಿ ಮುಚಗೊಂಡು?" ಎಂದು ಅಂಗಡಿಗೆ ಅಂಗಡಿಯೇ ಕೇಳಿತು.

"ಮುಚಗೊಂಡು!"

ಆಣೆಯೇನೋ ಆಯಿತು. ಹಳೆಯ ಕಾರು ಎಲ್ಲಿ ನೆರೆಯುತ್ತವೆಂದು ಯಾರಿಗೆ ಗೊತ್ತು? ಮೊದಲು ಮುದ್ದೇಬಿಹಾಳದ ಓಣಿ ಓಣಿ ತಿರುಗಿದ. ಒಂದೂ ಇರಲಿಲ್ಲ. ಸೋಲಾಪುರದ ಷಡ್ಡಕನಿಗೆ ಕಾರ್ಡು ಬರೆದ. "ಇಲ್ಲಿ ಓಡಾಡುವುದೆಲ್ಲ ಹಳೆಯ ಕಾರುಗಳೇ. ಅದಕ್ಕೆ ನಾವು ಶೋ ಎನ್ನುವುದಿಲ್ಲ, ಟ್ಯಾಕ್ಸಿ ಎನ್ನುತ್ತೇವೆ" ಎಂದು ಉತ್ತರ ಬಂತು. ಒಂದು ದಿನ ರೈಲ್ವೆ ಸ್ಟೇಶನ್ನಿಗೆ ಹೋಗಿ, "ಹಳೇ ಗಾಡಿ ಎಲ್ಲಿ ನೋಡಾಕ ಸಿಗತಾವ್ರಿ?" ಎಂದು ಕೇಳಿದ. "ಇಲ್ಲೇ ಕುಂಡ್ರಿ, ನಿನ್ನೀದ ಇನ್ನೂ ಬರಬೇಕಾಗೇತಿ" ಎಂದರು.

ಕೊನೆಗೆ ರೊಟ್ಟಿ ಬಡಿಯುತ್ತಿದ್ದ ರೇಣವ್ವ, ಕೈ ನಿಲ್ಲಿಸದೆ ಹೇಳಿದಳು: "ಅಲ್ರೀ, ಗೌಡ್ರು, ದೇಸಾಯರು, ಜಮೀನದಾರರು ಎಲ್ಲಾರ ಮನ್ಯಾಗೂ ಅಪ್ಪ ಮುತ್ಯಾನ ಕಾಲದ್ದ ಒಂದೊಂದ ಬಿದ್ದಾವಂತ. ಇಂಡಿ, ಸಿಂದಗಿ, ಬಾಗೇವಾಡಿ ಕಡೆ ಹೋಗಿ ಕೇಳ್ರಿ. ಮನ್ಯಾಗ ಕುಂತು ನನ್ನ ಮ್ಯಾಲ ಹೊಗಿ ಬಿಡಬ್ಯಾಡ್ರಿ."

ಅವನು ಹೋಗುವ ಮೊದಲೇ ಆ ಕಡೆಯವರಿಗೆ ಒಂದು ಭಯ ಹೊಕ್ಕಿತ್ತು. ಓಡದ ಮೋಟಾರಿಗೂ ಟ್ಯಾಕ್ಸು ಕಟ್ಟಬೇಕು, ಕಟ್ಟದಿದ್ದರೆ ಸರಕಾರ ಎಳೆದೊಯ್ಯುತ್ತದೆ ಎಂದು ಯಾರೋ ಸಂತೆಯಲ್ಲಿ ಹಬ್ಬಿಸಿದ್ದರು. 'ಸರಕಾರ' ಎಂಬ ಶಬ್ದದ ಬಾಲದಲ್ಲೇ ಕಾರು ಇರುವುದರಿಂದ ಜನರಿಗೆ ನಂಬುವುದು ಕಷ್ಟವಾಗಲಿಲ್ಲ. ಇಂಥ ಹೊತ್ತಿನಲ್ಲಿ ಕರಿಕೋಟು, ಪೆನ್ಸಿಲು, ನೋಟಬುಕ್ಕುಗಳೊಂದಿಗೆ ಗುರಲಿಂಗಪ್ಪ ಇಂಡಿ ತಾಲೂಕಿನ ತಾಂಬಾದಲ್ಲಿ ಬಸ್ಸಿಳಿದು, ಜಮೀನುದಾರ ಬಂದಗಿಸಾಬನ ತಲಬಾಗಿಲಲ್ಲಿ ನಿಂತ.

"ಹೆಸರು?"

"ಬಂದಗಿಸಾಬ್ರಿ."

"ತಂದಿ ಹೆಸರು? ವಯಸ್ಸು? ಧಂದೆ? ಸಾಕೀನ?"

ಎಲ್ಲವನ್ನೂ ಹೇಳುವಷ್ಟರಲ್ಲಿ ಬಂದಗಿಸಾಬನ ಗಡ್ಡ ನಡುಗತೊಡಗಿತು.

"ಹಳೇ ಕಾರ ಐತಂತಲ್ಲ?"

"ಯಾರ… ಯಾರ ಹೇಳಿದ್ರಿ?"

"ಸುದ್ದಿ ಬಂದೈತಿ," ಎಂದ ಗುರಲಿಂಗಪ್ಪ, ನೋಟಬುಕ್ಕಿನಿಂದ ತಲೆ ಎತ್ತದೆ. ರೇಣವ್ವ ಹೇಳಿದಳು ಎನ್ನಲು ಅವನಿಗೆ ಸಂಕೋಚ. ಆದರೆ ಸರಕಾರವೂ ಇದೇ ಮಾತನ್ನು ಇದೇ ಧಾಟಿಯಲ್ಲಿ ಹೇಳುತ್ತದೆ.

"ಇತ್ರಿ ಸಾಹೇಬ್ರ… ಒಂದ ಫೋರ್ಡ ಇತ್ತು. ಈಗಿಲ್ರಿ. ತೀರಿಕೊಂಡೈತಿ."

"ಅಯ್ಯ, ಯಾವಾಗ?"

"ನಿನ್ನಿ… ಅಂದ್ರ ಹ್ವಾದ ವರ್ಷ."

"ಮಣ್ಣ ಎಲ್ಲಿ ಮಾಡಿದ್ರಿ? ಅದನ್ನರ ನೋಡಬೇಕಾಗಿತ್ತು," ಎಂದು ಗುರಲಿಂಗಪ್ಪ ನಿಜವಾದ ವ್ಯಥೆಯಿಂದ ಕೇಳಿದ. ಬಂದಗಿಸಾಬನಿಗೆ ಅದು ಬೆದರಿಕೆಯಂತೆ ಕೇಳಿಸಿತು. ಹಿತ್ತಿಲಲ್ಲಿ ಹೊಸದಾಗಿ ಒಟ್ಟಿದ ಜೋಳದ ಕಣಿಕೆಯ ಬಣವೆಯೊಳಗಿಂದ ಎರಡು ದುಂಡನೆಯ ಗಾಜಿನ ಕಣ್ಣುಗಳು ಮಿಂಚುತ್ತಿದ್ದವು.

"ಅದೇನ್ರಿ ಬಣವ್ಯಾಗ?"

"ಕನ್ನಡಿರಿ ಸಾಹೇಬ್ರ. ಎಮ್ಮಿ ಮಾರಿ ನೋಡಕೊಂಡು ಮೇಯತಾವು."

ಇಂಡಿ ತಾಲೂಕಿನ ಎಮ್ಮೆಗಳ ಈ ಠೀವಿಯನ್ನು ಗುರಲಿಂಗಪ್ಪ ನೋಟಬುಕ್ಕಿನಲ್ಲಿ ಬರೆದುಕೊಂಡ. ಹೊರಡಲು ಎದ್ದರೆ ಬಂದಗಿಸಾಬ ಕೈ ಬಿಡಲೊಲ್ಲ. "ಉಂಡ ಹೋಗಬೇಕ್ರಿ. ನೀವು ಕೊರಳಾಗ ಲಿಂಗ ಕಟ್ಟಿದಾವ್ರು ಅಂತ ಬಾಜೂ ಮನಿ ಚನ್ನವ್ವಾರಿಗೆ ಹೇಳಿ ಅಡಗಿ ಮಾಡಿಸೇನಿ. ಇಲ್ಲ ಅನ್ನಬ್ಯಾಡ್ರಿ." ಶೇಂಗಾದ ಹೋಳಿಗೆ ಬಂತು, ಹೋಳಿಗೆ ಕಾಣದಷ್ಟು ತುಪ್ಪ ಬಂತು, ಎಣ್ಣೆಗಾಯಿ ಬದನೆಕಾಯಿ, ಬಿಸಿ ರೊಟ್ಟಿ, ಮೇಲೆ ಗಟ್ಟಿ ಮೊಸರು. ಬಂದಗಿಸಾಬ ತಾನೇ ಎದುರು ಕೂತು ಬೀಸಣಿಕೆ ಬೀಸಿದ.

"ಇನ್ನ ಯಾವ ಯಾವ ತಾಲೂಕ ಉಳದಾವ್ರಿ ಸಾಹೇಬ್ರ?"

"ಮುದ್ದೇಬಿಹಾಳ ಮುಗಿಸೇನಿ. ಮನಿ ಮನಿ ಹೊಕ್ಕು ನೋಡೇನಿ, ಅಲ್ಲೆ ಒಂದೂ ಉಳದಿಲ್ಲ. ಇನ್ನ ಇಂಡಿ, ಸಿಂದಗಿ, ಬಾಗೇವಾಡಿ." ತುಪ್ಪದ ಬೆರಳು ನೆಕ್ಕಿ, ಆಣೆಯನ್ನು ನೆನೆದು ಹಲ್ಲು ಕಡಿದ. "ಹದಿನೈದು ಆಗಬೇಕ್ರಿ ನನಗ. ಹದಿನೈದು ಸಿಗೂತನಾ ಯಾರನ್ನೂ ಬಿಡೂದಿಲ್ಲ."

ಬೀಸಣಿಕೆ ನಿಂತಿತು.

ಮರುದಿನ ಸಿಂದಗಿಯಲ್ಲಿ ಗುರಲಿಂಗಪ್ಪ ಬಸ್ಸಿಳಿಯುವ ಹೊತ್ತಿಗೆ, ಅವನಿಗಿಂತ ಮುಂದಿನ ಬಸ್ಸಿನಲ್ಲಿ ಸುದ್ದಿ ಇಳಿದಾಗಿತ್ತು. ಅಲ್ಲಿ ಗುಂಡವ್ವ ಎಂಬ ಮುದುಕಿಯ ಅಂಗಳದಲ್ಲಿ ಆಕೆಯ ಗಂಡನ ಕಾಲದ ಮೋಟಾರು ಇದೆಯೆಂದು ಕೇಳಿದ್ದ. ಅಂಗಳದಲ್ಲಿ ಕಂಡದ್ದು ಮೋಟಾರಲ್ಲ, ಆರು ಕೌದಿ ಹೊದಿಸಿದ ಒಂದು ಗುಡ್ಡೆ. ಅದರ ತುದಿಯಲ್ಲಿ ಗುಂಡವ್ವ ಸಾಕ್ಷಾತ್ ಕುಳಿತಿದ್ದಳು.

"ಕಾರಾ? ಯಾ ಕಾರ ತಮ್ಮಾ? ಖಾರ ಬೇಕಂದ್ರ ಕೊಡತೇನಿ, ನಿನ್ನಿ ಕುಟ್ಟೇನಿ."

"ಖಾರ ಅಲ್ಲಬೇ ಯಮ್ಮಾ, ಕಾರ. ಹೆಸರು?"

"ಗುಂಡವ್ವ."

"ವಯಸ್ಸು?"

ವಯಸ್ಸು ಕೇಳಿದ್ದಕ್ಕೆ ಮುದುಕಿ ಕೋಪದಿಂದ ಮಿಸುಕಿದಳು. ಕೌದಿಗಳ ಆಳದಿಂದ "ಪಪ್ಪೋಂ!" ಎಂದಿತು.

ಗುರಲಿಂಗಪ್ಪ ಬೆಚ್ಚಿದ. "ಏನಬೇ ಅದು?"

"ಮೊಳಕಾಲಪಾ," ಎಂದಳು ಗುಂಡವ್ವ, ಕಣ್ಣು ಮಿಟುಕಿಸದೆ. "ವಾಯು ಸೇರಕೊಂಡೈತಿ. ಅಲಗ್ಯಾಡಿದ್ರ ಹಿಂಗ ಒದರತಾವು."

ಅವನು ಮರುಕಪಟ್ಟು, ನೀಲಗಿರಿ ಎಣ್ಣೆ ಹಚ್ಚಲು ಹೇಳಿದ. ಅಲ್ಲೂ ಊಟ. ಗೋಧಿ ಹುಗ್ಗಿ, ಹಪ್ಪಳ, ಸಂಡಿಗೆ. ಮುದುಕಿ ಮಾತ್ರ ಕೂತಲ್ಲಿಂದ ಏಳದೆ, ಸೊಸೆಗೆ "ಹಾಕಬೇ, ಇನ್ನೊಂದ ಸೌಟ ಹಾಕ, ಮಾತಾಡಾಕ ಬಾಯಿ ಸಡ್ಲ ಬಿಡಬ್ಯಾಡ" ಎಂದು ಕೂಗುತ್ತಿದ್ದಳು.

ಹೀಗೆ ಇಪ್ಪತ್ತು ದಿನ. ಗುರಲಿಂಗಪ್ಪ ಹನ್ನೆರಡು ಮನೆಗಳಲ್ಲಿ ಕಾರು ಕೇಳಿದ, ಹನ್ನೆರಡು ಮನೆಗಳಲ್ಲೂ ಅವನಿಗೆ ಸಿಕ್ಕಿದ್ದು ಸತ್ಕಾರ. ಒಂದು ಕಡೆ ಕಾರಿಗೆ ಸುಣ್ಣ ಬಳಿದು ಗದ್ದುಗೆ ಎಂದರು, ಇವನು ಕಾಯಿ ಒಡೆದು ಬಂದ. ಇನ್ನೊಂದು ಕಡೆ ನಾಲ್ಕು ಟೈರುಗಳನ್ನು ಬಾವಿಯ ಸುತ್ತ ಒರಗಿಸಿ, ಹಗ್ಗ ಸವೆಯದಿರಲೆಂದು ಇಟ್ಟದ್ದು ಎಂದರು, ಇವನು ಬುದ್ಧಿವಂತಿಕೆಯನ್ನು ಹೊಗಳಿದ. ಕೋಟಿನ ಎರಡು ಗುಂಡಿ ಹಾಕಲು ಬರದಾದವು. ರಾತ್ರಿಯ ಊಟ ಬಿಟ್ಟ. ಆದರೆ ಹೊಟ್ಟೆ ಎಷ್ಟು ತುಂಬಿದರೂ ಹೊಟ್ಟೆಕಿಚ್ಚು ಆರಲಿಲ್ಲ, ತುಪ್ಪ ಬಿದ್ದ ಕಿಚ್ಚು ಆರುವುದಾದರೂ ಹೇಗೆ? ಅಂಗಡಿಗೆ ಹೋದರೆ ಬಸಂತರಾಯ ಕೇಳುವನು: "ಎಷ್ಟಾದು ಗುರಲಿಂಗಪ್ಪನವರ?" ಸೊನ್ನೆ ಎನ್ನಲಾರದೆ ಗುರಲಿಂಗಪ್ಪ, "ಬರಾಕತ್ತಾವು" ಎನ್ನುವನು. ಆ ಮಾತು ಎಷ್ಟು ನಿಜವೆಂದು ಅವನಿಗೇ ಗೊತ್ತಿರಲಿಲ್ಲ.

ಏಕೆಂದರೆ ಅತ್ತ ಇಂಡಿಯ ಸಂತೆಯಲ್ಲಿ ಮೂರು ತಾಲೂಕಿನ ಕಾರಿನವರೆಲ್ಲ ಬೇವಿನ ನೆರಳಿಗೆ ಸೇರಿದ್ದರು. ಬಂದಗಿಸಾಬ ಎದ್ದು ಹೇಳಿದ: "ಹದಿನೈದು ಹಿಡೀಬೇಕಂತ ಮ್ಯಾಲಿಂದ ಹುಕುಂ ಆಗೇತಿ. ತಾನ ಬಾಯಿ ಬಿಟ್ಟ ಹೇಳ್ಯಾನ. ಇವತ್ತ ಹೋಳಿಗಿ ತಿಂದ ಹೋಗ್ಯಾನ, ನಾಳಿ ಕಾರ ತಿಂತಾನ. ಆದ್ರ ಮುದ್ದೇಬಿಹಾಳ ಮುಗಿಸೇನಿ ಅಂದಾನ. ಒಮ್ಮೆ ಮುಗಿಸಿದ ಊರಿಗೆ ಸರಕಾರ ಹತ್ತ ವರ್ಷ ಹಾಯೂದಿಲ್ಲ. ಎಲ್ಲಾ ಕಾರ ಅಲ್ಲೆ ಸಾಗಿಸೂಣು."

"ಅಲ್ಲೆ ಯಾರ ಇಟಗೋತಾರೋ?"

"ಬಸಂತರಾಯ ಸಾವ್ಕಾರ್ರ ಶೆಡ್ಡ ಖಾಲಿ ಐತಿ. ಮುಂಬೈ ಕಂಡ ಮನಷ್ಯಾ. ಹಳೇ ಕಾರಿನ ಕಿಮ್ಮತ್ತ ಬಲ್ಲಾಂವ."

ಕರಿಕೋಟಿನ ಸಾಹೇಬನೊಬ್ಬ ಹಳ್ಳಿ ಹಳ್ಳಿ ಸುತ್ತಿ ಜೀವ ತಿನ್ನುತ್ತಿದ್ದಾನೆಂದು ಕೇಳಿ ಬಸಂತರಾಯನ ಕರುಳು ಕರಗಿತು. ಸಾಹೇಬ ಯಾರೆಂದು ಅವನಿಗೆ ಹೊಳೆಯಲಿಲ್ಲ. ದಿನ ಗೊತ್ತಾಯಿತು. ಬರುವ ಮಂಗಳವಾರ ಎಲ್ಲ ಕಾರು ಬಾಗೇವಾಡಿಯ ಹತ್ತಿರ ಕೂಡಿ, ಗೊಳಸಂಗಿಯ ಮೇಲೆ ಹಾಯ್ದು ಮುದ್ದೇಬಿಹಾಳಕ್ಕೆ. ಓಡುವವು ಓಡಬೇಕು, ಓಡದವಕ್ಕೆ ಎತ್ತು ಹೂಡಬೇಕು.

ಸರಿಯಾಗಿ ಅದೇ ಮಂಗಳವಾರ ಹತ್ತು ಗಂಟೆಗೆ ಗುರಲಿಂಗಪ್ಪ ಗೊಳಸಂಗಿಯಲ್ಲಿ ಬಸ್ಸಿಳಿದ.

ಊರಿನ ಗೌಡ ಮಡಿವಾಳಪ್ಪ ತನ್ನ ಕಾರನ್ನು ಸಾಲಿಗೆ ಸೇರಿಸಲು ಆಗಲೇ ಕಳಿಸಿಬಿಟ್ಟಿದ್ದ. ಈಗ ಕಂಡದ್ದು ಕರಿಕೋಟು. ರಸ್ತೆ ಮನೆಯ ಮುಂದೆಯೇ. ಇನ್ನು ಅರ್ಧ ತಾಸಿಗೆ ಕಾರಿನ ಸಾಲು ಬರುವುದಿದೆ. ಒಳಗೆ ಓಡಿ ತಾಯಿ ಸಾತವ್ವನ ಕಿವಿಯಲ್ಲಿ ಊದಿದ. ಸಾತವ್ವ ಏಳು ಮಕ್ಕಳನ್ನು, ಹದಿನೆಂಟು ಮೊಮ್ಮಕ್ಕಳನ್ನು ಎರೆದು ಬೆಳೆಸಿದವಳು. ಸೆರಗು ಸಿಕ್ಕಿಸಿ ಹೊರಬಂದಳು.

"ಅಯ್ಯ ನನ ಕಂದಾ, ಮಾರಿ ಎಷ್ಟ ಕಪ್ಪಿಟ್ಟೈತಿ! ಮೈಯಾಗ ಉಷ್ಣ ಮುರದೈತಿ ನಿನಗ. ಏಳ, ತಲಿಗೆ ಔಡಲೆಣ್ಣಿ ಹಚ್ಚಿ ಎರಿತೇನಿ."

"ಬ್ಯಾಡಬೇ ಯವ್ವಾ, ನಾ ಕಾರ…"

"ಕಾರ ಎಲ್ಲಿ ಓಡಿ ಹೋಗತಾವೋ ಯಪ್ಪಾ? ಮೊದಲ ಕೋಟ ಬಿಚ್ಚ!"

ಸರಕಾರಕ್ಕೂ ಸಾತವ್ವನ ಎದುರು ಕೋಟು ಬಿಚ್ಚಬೇಕಾಗುತ್ತಿತ್ತು. ಎರಡು ನಿಮಿಷದಲ್ಲಿ ಗುರಲಿಂಗಪ್ಪ ಪಂಜೆಯುಟ್ಟು ಬಚ್ಚಲಿನ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ನೆತ್ತಿಯ ಮೇಲೆ ಗಿಂಡಿಗಟ್ಟಲೆ ಔಡಲೆಣ್ಣೆ ಬಿತ್ತು. ಇಪ್ಪತ್ತು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾರಿಗಾಗಿ ಕಾದವನ ಕಣ್ಣಿಗೆ ಈಗ ನಿಜವಾದ ಎಣ್ಣೆಯೇ ಇಳಿಯಿತು. ಅದರ ಮೇಲೆ ಸೀಗೆಪುಡಿ.

"ಕಣ್ಣ ತೆರೀಬ್ಯಾಡ ನೋಡ ಮತ್ತ, ಕಣ್ಣ ಹೋದಾವು!"

ಆಗ ದೂರದಲ್ಲಿ ಶುರುವಾಯಿತು. ಗಡ್ ಗಡ್ ಗಡ್. ಗುರ್ರ್ರ್. ಕಿರ್ರೋ ಕಿರ್ರೋ.

"ಏನಬೇ ಸಪ್ಪಳಾ?" ಎಂದ ಗುರಲಿಂಗಪ್ಪ, ಕಣ್ಣು ಬಿಗಿಹಿಡಿದು.

"ಕುಲಕರ್ಣ್ಯಾರ ಮನ್ಯಾಗ ಬೀಸಾಕತ್ತಾರ."

"ಭೋಂಯ್ಕ್!"

"ಮತ್ತ ಇದು?"

"ಎಮ್ಮಿ ಈಯಾಕತ್ತೈತಿ."

"ಪಪ್ಪೋಂ! ಪಪ್ಪೋಂ!" ಸಿಂದಗಿಯ ಗುಂಡವ್ವ ತನ್ನ ಮೋಟಾರಿನ ಮೇಲಿಂದ ಇಳಿಯದೆ ಕೂತೇ ಬಂದಿದ್ದಳು.

"ಈ ಸಪ್ಪಳ ನಾ ಎಲ್ಲೋ ಕೇಳೇನಿ… ಇಲ್ಲೂ ಯಾರಿಗರ ಮೊಳಕಾಲ ನೋವೇನು?"

"ಹೌದಪಾ ಕಂದಾ, ಊರಿಗ ಊರ ವಾಯು," ಎಂದು ಸಾತವ್ವ ಇನ್ನೊಂದು ಮುಷ್ಟಿ ಸೀಗೆಪುಡಿ ತಿಕ್ಕಿದಳು. ಮಡಿವಾಳಪ್ಪ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಹಾರ್ನು ಕೇಳಿದಾಗಲೆಲ್ಲ ತಾನೂ ಜೋರಾಗಿ ಕೆಮ್ಮುತ್ತಿದ್ದ. ಹೊರಗೆ ಸಾಲು ಹಾಯುತ್ತಲೇ ಇತ್ತು. ಕಣಿಕೆಯ ಎಸಳು ಕೆದರಿದ ಫೋರ್ಡು, ಸುಣ್ಣ ಬಳಿದ ಗದ್ದುಗೆ, ಕೊಂಬಿಗೆ ಗೊಂಡೆ ಕಟ್ಟಿದ ಎತ್ತುಗಳು, ಹಿಂದೆ ಓಡುವ ಊರ ಮಂದಿ. ಗುರಲಿಂಗಪ್ಪನಿಗೆ ಹದಿನೆಂಟು ಮೊಳದ ಅಂತರದಲ್ಲಿ ಹದಿನೇಳು ಕಾರುಗಳು ಹಾಯ್ದವು. ಅವನಿಗೆ ಕಂಡದ್ದು ಮಾತ್ರ ಒಂದೇ: ಅಂಧಕಾರ.

ಕಡೆಯ ಕಾರು ಊರು ದಾಟಿದ ಮೇಲೆ ಸಾತವ್ವ ಕಡೆಯ ತಂಬಿಗೆ ನೀರು ಹಾಕಿದಳು. ಉಣ್ಣಿಸಿದಳು. ಎರೆದ ಮೈ, ಉಂಡ ಹೊಟ್ಟೆ, ಮೇಲೆ ಕೌದಿ ಹೊದಿಸಿ ಮಲಗಿಸಿದಳು. ಅವನಿಗೆ ಎಚ್ಚರವಾದಾಗ ಸಂಜೆಯ ಬಸ್ಸಿನ ಹೊತ್ತು.

ಮುದ್ದೇಬಿಹಾಳದಲ್ಲಿ ಇಳಿದರೆ ಊರಿನ ಮುಖವೇ ಬೇರೆ. ರಸ್ತೆಯಲ್ಲಿ ಹೂವು, ಚುರಮುರಿ, ಸಗಣಿ. ಮನೆಯಲ್ಲಿ ರೇಣವ್ವ ಮದುವೆಗೆ ಹೋಗಿ ಬಂದವಳಂತೆ ಇಳಕಲ್ಲ ಸೀರೆಯಲ್ಲಿ ಕೂತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ರಿ? ಏನ ಕಾರ, ಏನ ಕಾರ! ನಮ್ಮ ಬಾಗಲ ಮುಂದನ ಹ್ವಾದು. ಬಸಂತರಾಯ ಸಾವ್ಕಾರ್ರು ಮುಂದಿನ ಕಾರಿನ್ಯಾಗ ನಿಂತು ಕೈ ಬೀಸಾಕತ್ತಿದ್ರು. ನಾ ಕಾಯಿ ಒಡದೆ, ಆರತಿ ಮಾಡಿದೆ. ಬರೋಬ್ಬರಿ ಹದಿನೇಳ್ರಿ!"

"ಹದಿನೇಳು?"

"ಕಣ್ಣ ಕಾಣದ ನಿಮ್ಮ ಮುತ್ಯಾ ಸೈತ ಮುಟ್ಟಿ ಮುಟ್ಟಿ ಎಣಿಸ್ಯಾನ."

ಗುರಲಿಂಗಪ್ಪ ಹೊಸ್ತಿಲ ಮೇಲೆಯೇ ಕೂತ. ಮುದ್ದೇಬಿಹಾಳದಲ್ಲಿ, ಬಾಗೇವಾಡಿಯಲ್ಲಿ, ನಡುವಿನ ಹಳ್ಳಿಗಳಲ್ಲಿ ಅಂದು ಹಳೆಯ ಕಾರಿನ ರ‍್ಯಾಲಿ ನೋಡದೆ ಉಳಿದ ಮನುಷ್ಯ ಒಬ್ಬನೇ. ಅವನ ತಲೆಯಿಂದ ಇನ್ನೂ ಔಡಲೆಣ್ಣೆ ಇಳಿಯುತ್ತಿತ್ತು.

ಕಾರುಗಳಿದ್ದ ಶೆಡ್ಡಿಗೆ ಆಗಲೇ ಕೀಲಿ ಬಿದ್ದು, ಕರಿಕೋಟಿನವರನ್ನು ಹತ್ತಿರ ಬಿಡದಂತೆ ಕಾವಲು ಕೂತಿತ್ತು, ಆಣೆಯ ತಿಂಗಳೂ ಮುಗಿದಿತ್ತು. ಮರುದಿನ ಅವನು ಮಾತಿಗೆ ತಪ್ಪಲಿಲ್ಲ. ಮೀರಾಸಾಬನ ಅಂಗಡಿಗೆ ಹೋಗಿ, ಕಿಟಕಿಯ ತನ್ನ ಬೆಂಚು ಬಿಟ್ಟು ಬಾಗಿಲಲ್ಲಿ ಕೂತು ಬಾಯಿ ಮುಚ್ಚಿಕೊಂಡ. ಬಸಂತರಾಯ ಕಿಟಕಿಯಲ್ಲಿ ಕೂತು ಪೇಪರು ಬಿಡಿಸಿದ. ಕೈಯಲ್ಲಿ ಕಿವಿಯಿದ್ದ ಕಪ್ಪು. ಆಗಲೇ ಬಂದಗಿಸಾಬ, ತನ್ನ ಫೋರ್ಡಿನ ಯೋಗಕ್ಷೇಮ ವಿಚಾರಿಸಿ ಊರಿಗೆ ಹೊರಟವನು, ನಾಲ್ಕಾರು ಜನ ಕಾರಿನವರೊಂದಿಗೆ ಚಹಾಕ್ಕೆ ಒಳಗೆ ಬಂದ. ಬಾಗಿಲಲ್ಲಿ ಕರಿಕೋಟು ಕಂಡು ಹಿಮ್ಮೆಟ್ಟಿದ.

"ಯಾ ಅಲ್ಲಾ! ಸಾಹೇಬ್ರ, ನೀವಿಲ್ಲೆ?"

"ಯಾ ಸಾಹೇಬೋ ಮಾರಾಯ?" ಎಂದ ಮೀರಾಸಾಬ. "ಅರ್ಜಿ ಬರಿಯೋ ಗುರಲಿಂಗಪ್ಪ ಅಂವ."

ಒಲೆಯ ಮೇಲೆ ಮೊದಲು ಚಹಾ ಕುದಿಯಿತು. ಆಮೇಲೆ ಬಂದಗಿಸಾಬ ಕುದಿದ.

"ಅರ್ಜಿ ಬರ್ಯಾಂವ! ಇವನ ಸಲುವಾಗಿ ನಾ ಕಾರಿನ ಮ್ಯಾಲ ಬಣವಿ ಒಟ್ಟಿದ್ನೆಲ್ಲೋ! ಇವಗ ಹೋಳಿಗಿ ಮಾಡಿಸಿ, ಮ್ಯಾಲ ಕುಂತು ಬೀಸಣಿಕಿ ಬೀಸಿದ್ನೆಲ್ಲೋ!"

"ಹೋಳಿಗಿ?" ಎಂದ ಬಸಂತರಾಯ, ಪೇಪರು ಕೆಳಗಿಳಿಸಿ.

"ನಮ್ಮಲ್ಲಿ ಹುಗ್ಗಿ ತಿಂದಾನ್ರಿ," ಎಂದ ಗುಂಡವ್ವನ ಮಗ. "ಮೂರ ಸಲ ನೀಡಿಸಿಕೊಂಡು. ಹೊರಡೂ ಮುಂದ ಶಾಲ ಹೊಚ್ಚಿ ಕಳಿಸೇವಿ."

"ಶಾಲೂ?"

"ನಮ್ಮವ್ವ ಔಡಲೆಣ್ಣಿ ಹಚ್ಚಿ ಎರದಾಳ್ರಿ," ಎಂದ ಗೊಳಸಂಗಿಯ ಮಡಿವಾಳಪ್ಪ, ಅಳುವ ದನಿಯಲ್ಲಿ. "ನನಗ ಸೈತ ಈ ವರ್ಷ ಎರದಿಲ್ಲ."

ಹನ್ನೆರಡು ಮನೆಗಳ ಊಟದ ವರ್ಣನೆ ನಡೆಯಿತು. ಬೈಗುಳವೆಂದು ಶುರುವಾದದ್ದು ಬರಬರುತ್ತ ಅಡುಗೆಯ ಮೇಲಾಟಕ್ಕೆ ತಿರುಗಿತು. ನಮ್ಮ ತುಪ್ಪ ಹೆಚ್ಚೋ ನಿಮ್ಮ ತುಪ್ಪ ಹೆಚ್ಚೋ ಎಂದು ಇಂಡಿಯವರೂ ಸಿಂದಗಿಯವರೂ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದರು. ಎಲ್ಲರೂ ಗುರಲಿಂಗಪ್ಪನ ಕಡೆ ತಿರುಗಿ, "ನೀವ ಹೇಳ್ರಿ, ಯಾರದ ಛಲೋ ಇತ್ತು?" ಎಂದು ಕೇಳಿದರು. ಬಾಯಿ ಮುಚ್ಚಿಕೊಳ್ಳುವ ಆಣೆಯಿದ್ದುದರಿಂದ ಗುರಲಿಂಗಪ್ಪ ಹೊಟ್ಟೆಯ ಮೇಲೆ ಕೈಯಾಡಿಸಿ ಕಣ್ಣು ಮುಚ್ಚಿದ, ಅಷ್ಟೇ. ಅಂಥ ಉತ್ತರವನ್ನು ಅವನು ಬಾಯಿಯಿಂದ ಎಂದೂ ಕೊಟ್ಟಿರಲಿಲ್ಲ.

ಬಸಂತರಾಯನ ಮುಖ ಬೆಂದ ಬದನೆಕಾಯಿಯಾಯಿತು. ಮುಂಬಯಿಯಲ್ಲಿ ಹದಿನಾಲ್ಕು ಕಾರು ನೋಡಿದಾಗ ಅವನಿಗೆ ಯಾರೂ ಒಂದು ಲೋಟ ನೀರನ್ನೂ ಕೊಟ್ಟಿರಲಿಲ್ಲ. ನಿನ್ನೆ ಹದಿನೇಳು ಕಾರುಗಳಿಗೆ ಶೆಡ್ಡು ಕೊಟ್ಟ, ಎತ್ತುಗಳಿಗೆ ಹೊಟ್ಟು ಕೊಟ್ಟ, ಜನರಿಗೆ ಚಹಾ ಕೊಟ್ಟ. ತಂದವರಲ್ಲಿ ಒಬ್ಬನಾದರೂ ಒಂದು ಹೋಳಿಗೆ ತಂದಿರಲಿಲ್ಲ. ಅವನು ಒಂದು ಸಾಲನ್ನೂ ಓದದೆ ಪೇಪರು ಮಡಿಚಿಟ್ಟು, ಚಹಾ ಬಿಟ್ಟು ಎದ್ದು ಹೋದ.

ಮಾರನೆಯ ದಿನ ಅವನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಮೀರಾಸಾಬ ಪೇಪರನ್ನು ಗುರಲಿಂಗಪ್ಪನ ಮುಂದೆ ಇಟ್ಟ. "ನೀವ ಓದ್ರಿ ಮತ್ತ. ಓದೂರಿಲ್ಲದ ಮಂದಿ ಚಹಾ ಕುಡಿಯೂದ ಬಿಟ್ಟಾರ."

ಹನ್ನೊಂದು ವರ್ಷದ ಹಕ್ಕು ಮರಳಿ ಬಂದಿತ್ತು. ಗುರಲಿಂಗಪ್ಪ ಕನ್ನಡಕ ಏರಿಸಿ, ಗಂಟಲು ಸರಿಮಾಡಿ, "ಸಾವ್ಕಾರ್ರು ಎಲ್ಲಿ?" ಎಂದ, ದೊಡ್ಡ ಮನಸ್ಸಿನಿಂದ.

"ಮುಂಜಾನಿ ಬಸ್ಸಿಗೆ ಇಂಡಿ ಕಡೆ ಹ್ವಾದ್ರು. ನಿನ್ನಿ ಸಿಂದಗಿ ಆತಂತ. ಹೊಸಾ ಕರಿಕೋಟ ಹೊಲಿಸ್ಯಾರ. ಮನಿ ಮನಿಗೆ ಹೋಗಿ, 'ಹಳೇ ರೇಡಿಯೋ ಐತೇನು? ಲೈಸನ್ಸ ತೋರಸ್ರಿ' ಅಂತ ಕೇಳಾಕತ್ತಾರಂತ. ನಿನ್ನಿ ಒಂದ ದಿನದಾಗ ಮೂರ ಮನ್ಯಾಗ ಹೋಳಿಗಿ, ಒಂದ ಮನ್ಯಾಗ ಶ್ರೀಖಂಡ!"

ಗುರಲಿಂಗಪ್ಪ ಪೇಪರಿಗೆ ಕಣ್ಣು ಹಚ್ಚಿದ. ಮಂತ್ರಿಯ ಸುದ್ದಿ ಮಂಜಾಯಿತು, ಹತ್ತಿಯ ಧಾರಣಿ ಕಲಸಿಹೋಯಿತು. ಅಂಗಡಿಯೆಲ್ಲ ಕಿವಿಯಾಗಿ ಕೂತಿತ್ತು. ಅವನು ಕಷ್ಟಪಟ್ಟು ಬಾಯಿ ತೆರೆದ. ಪೇಪರಿನಲ್ಲಿ ಎಲ್ಲೂ ಇಲ್ಲದ ಒಂದೇ ಒಂದು ವಾಕ್ಯ ಹೊರಬಂತು:

"ಈ ಸುಡಗಾಡ ರೇಡಿಯೋ ನನಗ್ಯಾಕ ಹೊಳೀಲಿಲ್ಲೋ!"